ಮೈದಾನಕ್ಕೊಂದು ಮುಚ್ಚಳ

ಸಭೆಯಲ್ಲಿ ಒಬ್ಬರೂ ಜಗಳವಾಡಲಿಲ್ಲ. ತಂಗಿಗೆ ಮೊದಲ ಅನುಮಾನ ಬಂದದ್ದೇ ಆಗ.

ಅವಳು ಕಟ್ಟಡಗಳ ನಕ್ಷೆ ಮಾಡುವವಳು. ಒಂದೊಂದು ಬಡಾವಣೆಗೂ ಹೋಗಿ, ಜನರನ್ನು ಕೂರಿಸಿಕೊಂಡು, ನಿಮಗೆ ಇಲ್ಲಿ ಏನೇನು ಬೇಕು ಎಂದು ಕೇಳಿ, ಅದನ್ನೆಲ್ಲ ಒಂದೇ ಸೂರಿನ ಕೆಳಗೆ ಹೊಂದಿಸಿ ಒಂದು ಸೆಂಟರ್ ಮಾಡುವುದು ಅವಳ ಕಸುಬು. ಕೆಳಗೆ ಅಂಗಡಿಗಳು, ಪಕ್ಕದಲ್ಲಿ ಆಸ್ಪತ್ರೆ, ಮೇಲೊಂದು ಗ್ರಂಥಾಲಯ, ಅದರ ಮೇಲೆ ಒಂದಿಷ್ಟು ಮನೆ, ಮುಂದೆ ಜನ ಕೂತು ಹರಟೆ ಹೊಡೆಯಲು ಅಂಗಳ. ಇಂಥ ಸಭೆಗಳ ಜಗಳಗಳನ್ನು ಅವಳು ಬೇಕಾದಷ್ಟು ಕಂಡಿದ್ದಳು. ಅಂಗಡಿ ಬಂದರೆ ಗಲಾಟೆ ಎನ್ನುವವರು, ಅಂಗಡಿಯೇ ಇಲ್ಲದ ಮೇಲೆ ಸೆಂಟರ್ ಯಾಕೆ ಎನ್ನುವವರು, ಕಾರು ನಿಲ್ಲಿಸುವ ಜಾಗಕ್ಕಾಗಿ ಒಬ್ಬರ ಕಾಲರ್ ಇನ್ನೊಬ್ಬರು ಹಿಡಿದವರು. ಒಂದು ಕಡೆಯಂತೂ ಶೌಚಾಲಯ ಯಾರ ಮನೆ ಕಿಟಕಿಗೆ ಎದುರಾಗಬೇಕು ಎಂಬ ಮಾತಿಗೆ ಬೀಗರಿಬ್ಬರು ಮಾತು ಬಿಟ್ಟಿದ್ದರು. ಜನ ಜಗಳವಾಡಿದರೆ ಅವಳಿಗೆ ಸಮಾಧಾನ. ಜಗಳವಾಡುವವರು ಅಲ್ಲಿ ಬಾಳಬೇಕೆಂದು ಲೆಕ್ಕ ಹಾಕಿರುತ್ತಾರೆ.

ಅಕ್ಕನ ಬಡಾವಣೆಯ ಜನ ಮಾತ್ರ ಹೇಳಿದ್ದಕ್ಕೆಲ್ಲ ತಲೆಯಾಡಿಸಿದರು. ಶಾಲೆಯ ಹಾಲಿನಲ್ಲಿ ಉದ್ದನೆಯ ಮೇಜಿನ ಮೇಲೆ ಅವಳು ರಟ್ಟಿನ ಮಾದರಿಯನ್ನು ಇಟ್ಟಿದ್ದಳು. ಸುತ್ತ ಸಾಲುಮನೆಗಳು, ನಡುವೆ ಖಾಲಿ ಮೈದಾನ, ಮೈದಾನದ ಮಧ್ಯೆ ಅವಳ ಸೆಂಟರ್. ಗ್ರಂಥಾಲಯ ಈ ಕಡೆ ಇರಲಿಯೇ ಆ ಕಡೆ ಇರಲಿಯೇ ಎಂದರೆ, "ಎಲ್ಲಿ ಬೇಕಾದ್ರೂ ಇರ್ಲಿ. ಬೇಗ ಆಗ್ಲಿ" ಎಂದರು. ಅಂಗಡಿ ಎಷ್ಟಿರಬೇಕು ಎಂದರೆ, "ನಿಮಗೆ ತಿಳಿದಷ್ಟು. ಯಾವಾಗ ಶುರು ಮಾಡ್ತೀರಿ?" ಎಂದರು.

ನಿವಾಸಿಗಳ ಸಂಘದ ಅಧ್ಯಕ್ಷರು ಹಿಂದೆ ಗಣಿತ ಹೇಳಿಕೊಡುತ್ತಿದ್ದವರು. ಎಲ್ಲರೂ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಅವರು ಎದ್ದು ಬಂದು, ಮಾದರಿಯ ಅಂಗಳದಲ್ಲಿ ತಂಗಿ ಅಂಟಿಸಿದ್ದ ಸ್ಪಂಜಿನ ಪುಟ್ಟ ಮರಗಳನ್ನು ಒಂದೊಂದಾಗಿ ಕಿತ್ತು ಅವಳ ಅಂಗೈಗೆ ಹಾಕತೊಡಗಿದರು.

"ಇವು ಬೇಡಮ್ಮ."

"ಯಾಕೆ ಮೇಷ್ಟ್ರೇ? ನೆರಳಾಗತ್ತೆ."

"ಬೇರು ಕೆಳಗೆ ಹೋಗತ್ತೆ."

"ಬೇರು ಕೆಳಗೆ ಹೋಗದೆ ಮೇಲಕ್ಕೆ ಹೋಗತ್ತಾ?" ಎಂದು ತಂಗಿ ನಕ್ಕಳು. ಹಾಲಿನಲ್ಲಿ ಬೇರೆ ಯಾರೂ ನಗಲಿಲ್ಲ.

"ಪೂರ್ತಿ ಕಾಂಕ್ರೀಟ್ ಹಾಕ್ಬಿಡಿ," ಎಂದರು ಮೇಷ್ಟ್ರು, ಮೊಮ್ಮಗಳಿಗೆ ಹೇಳುವ ಹಾಗೆ ಮೆತ್ತಗೆ. "ಈ ಬೇಲಿಯಿಂದ ಆ ಬೇಲಿವರೆಗೆ. ಒಂದು ಹುಲ್ಲುಕಡ್ಡಿ ಕಾಣ್ಬಾರ್ದು."

ಹಿಂದಿನ ಸಾಲಿನಲ್ಲಿ ಕೂತಿದ್ದ ಅಕ್ಕ ತನ್ನ ಕೈಚೀಲದ ಜಿಪ್ಪನ್ನು ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದಳು.

ಈ ಕೆಲಸಕ್ಕೆ ತಂಗಿಯನ್ನು ಎಳೆದು ತಂದವಳೇ ಅಕ್ಕ. ಆ ಬಡಾವಣೆಯಲ್ಲಿ ಮನೆಗಳನ್ನು ಬಿಟ್ಟರೆ ಏನೂ ಇರಲಿಲ್ಲ. ತಲೆನೋವಿನ ಮಾತ್ರೆಗೂ ಬಸ್ಸು ಹತ್ತಬೇಕು. ಮಧ್ಯದ ಮೈದಾನ ಒಂದು ಕಾಲಕ್ಕೆ ಕಲ್ಲುಗಣಿಯಾಗಿತ್ತು. ಅದನ್ನು ಕಲ್ಲುಮಣ್ಣು ತುಂಬಿ ಮಟ್ಟ ಮಾಡಿದ್ದೇವೆ ಎಂದು ಮನೆ ಮಾರಿದವರು ಹೇಳಿದ್ದರು. "ನಮ್ಮಲ್ಲೂ ಒಂದು ಸೆಂಟರ್ ಬರತ್ತಂತೆ ಕಣೇ," ಎಂದು ಅಕ್ಕ ಫೋನಿನಲ್ಲಿ ಹೇಳಿದ್ದಳು. "ನಗರಸಭೆಯೋರು ಒಪ್ಪಿದ್ದಾರೆ. ನಕ್ಷೆ ನೀನೇ ಮಾಡ್ಬೇಕು. ಬೇರೆ ಯಾರ ಕೈಗೂ ಹೋಗ್ಬಾರ್ದು."

"ನಾನು ಕಟ್ಟಿದ್ದು ಒಂದಾದ್ರೂ ನೋಡಿದ್ದೀಯೇನೇ ನೀನು?"

"ನೋಡೋದೇನಿದೆ? ನೀನು ನಮ್ಮೋಳಲ್ವಾ."

ತಂಗಿಗೆ ಅದು ಹಿತವಾಗಿತ್ತು. ಚಿಕ್ಕಂದಿನಿಂದ ಅವಳು ಏನು ಮಾಡಿದರೂ ಅದರಲ್ಲೊಂದು ಹುಳುಕು ಹುಡುಕುತ್ತಿದ್ದ ಅಕ್ಕ ಇವಳು. ಹಾಗಾಗಿ ಕೆಲಸ ಮುಗಿಯುವವರೆಗೆ ಹೋಟೆಲಿನಲ್ಲಿ ಇರುವುದು ಬಿಟ್ಟು ಅಕ್ಕನ ಮನೆಗೇ ಬಂದಿಳಿದಳು.

ಮನೆ ಚೊಕ್ಕಟವಾಗಿತ್ತು. ಆದರೆ ಅಡುಗೆಮನೆಯಲ್ಲಿ ಒಂದರ ಮೇಲೊಂದು ಚಾಪೆ, ಅದರ ಮೇಲೆ ದಪ್ಪನೆಯ ರತ್ನಗಂಬಳಿಯ ತುಂಡು. ಬರಿಗಾಲಲ್ಲಿ ಓಡಾಡಬೇಡ ಎಂದು ಅಕ್ಕ ಮೊದಲ ದಿನವೇ ಒಂದು ಜೊತೆ ಚಪ್ಪಲಿ ಕೊಟ್ಟಿದ್ದಳು. ಅಕ್ಕನ ಮಗಳು, ಪರೀಕ್ಷೆಗೆ ಓದುವ ವಯಸ್ಸಿನವಳು, ಹಾಲಿನ ಮೂಲೆಯಲ್ಲಿ ಮಂಚ ಹಾಕಿಕೊಂಡಿದ್ದಳು. ಚಳಿಯಲ್ಲೂ ಕಿಟಕಿ ತೆರೆದಿಟ್ಟು, ಸ್ವೆಟರ್ ಹಾಕಿಕೊಂಡು ಓದುತ್ತಿದ್ದಳು.

"ನಿನ್ನ ರೂಮಿತ್ತಲ್ಲೇ ಹಿಂದೆ?" ಎಂದು ತಂಗಿ ಕೇಳಿದಳು.

"ಅಲ್ಲಿ ಸಾಮಾನು ತುಂಬಿದ್ದಾರೆ ಚಿಕ್ಕಮ್ಮ," ಎಂದಳು ಹುಡುಗಿ, ಪುಸ್ತಕದಿಂದ ತಲೆಯೆತ್ತದೆ.

ಭಾವ ರಜಾದಿನ ಬಂತೆಂದರೆ ಬಾಗಿಲುಗಳ ಅಂಚನ್ನು ಉಜ್ಜುಗೊರಡಿನಿಂದ ಹೆರೆಯುತ್ತ ಕೂರುತ್ತಿದ್ದ. ಯಾವ ಬಾಗಿಲೂ ಚೌಕಟ್ಟಿಗೆ ಸರಿಯಾಗಿ ಕೂರುತ್ತಿರಲಿಲ್ಲ. "ನಮ್ಮನೆ ಬಾಗಿಲು ನನ್ನ ಥರಾನೇ. ವಯಸ್ಸಾದ ಹಾಗೆ ಅಗಲ ಆಗ್ತಾ ಇದೆ," ಎಂದು ಹೊಟ್ಟೆ ತಟ್ಟಿಕೊಂಡು ನಗುತ್ತಿದ್ದ. ಭಾವ ಯಾವ ಮಾತನ್ನೂ ನಗೆಯಾಗಿಸದೆ ಬಿಟ್ಟವನಲ್ಲ. ಅವನ ಮದುವೆಯ ಫೋಟೋದಲ್ಲಿ ಕೂಡ ಅವನೊಬ್ಬನೇ ಬಾಯಿ ತೆರೆದಿದ್ದಾನೆ. ಆದರೆ ಗಾಳಿ ಬೀಸದ ದಿನಗಳಲ್ಲಿ ಹಣೆಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಮೂಲೆ ಹಿಡಿಯುತ್ತಿದ್ದ.

ತಂಗಿ ಮುಂಜಾನೆ ಮೈದಾನದ ಸುತ್ತ ನಡೆಯುತ್ತಿದ್ದಳು. ಯಾವ ಕಡೆಯಿಂದ ಜನ ಬರುತ್ತಾರೆ, ಬಿಸಿಲು ಎಲ್ಲಿ ಬೀಳುತ್ತದೆ, ಬಸ್ಸಿನಿಂದ ಇಳಿದವರು ಎಲ್ಲಿ ಅಡ್ಡ ಹಾಯುತ್ತಾರೆ ಎಂದು ನೋಡಿಕೊಳ್ಳುವುದು ಅವಳ ಅಭ್ಯಾಸ. ಇಲ್ಲಿ ಯಾರೂ ಅಡ್ಡ ಹಾಯುತ್ತಿರಲಿಲ್ಲ. ಎಲ್ಲರೂ ಬೇಲಿಯ ಹೊರಗೇ ಸುತ್ತುಹಾಕಿ ಹೋಗುತ್ತಿದ್ದರು. ಹುಲ್ಲೆಲ್ಲ ಇಬ್ಬನಿಯಲ್ಲಿ ತೊಯ್ದಿರುತ್ತಿತ್ತು, ಒಂದು ಕಡೆ ಬಿಟ್ಟು. ಮೈದಾನದ ನಡುವಿನಿಂದ ಹೊರಟ ಒಂದು ಅಗಲವಾದ ಪಟ್ಟೆಯಲ್ಲಿ ಹುಲ್ಲು ಒಣಗಿ ಕಂದಾಗಿತ್ತು. ಅಲ್ಲಿ ಇಬ್ಬನಿ ನಿಲ್ಲುತ್ತಿರಲಿಲ್ಲ. ಪಟ್ಟೆ ನೇರವಾಗಿ ಅಕ್ಕನ ಸಾಲುಮನೆಗಳ ಕಡೆಗೇ ಬಂದಿತ್ತು. ತಂಗಿ ಬಗ್ಗಿ ಅಂಗೈ ಇಟ್ಟು ನೋಡಿದಳು. ಈಗ ತಾನೇ ಎದ್ದುಹೋದವರ ಹಾಸಿಗೆಯ ಹಾಗೆ ನೆಲ ಬೆಚ್ಚಗಿತ್ತು.

ಎದುರಿನ ಮನೆಯ ಬಾಲ್ಕನಿಯಲ್ಲಿ ಇಬ್ಬರು ನಿಂತು ಅವಳನ್ನೇ ನೋಡುತ್ತಿದ್ದರು. ಅವಳು ಕೈಬೀಸಿದಳು. ಅವರು ಒಳಗೆ ಹೋದರು.

ಮುಂದಿನ ವಾರ ಮಣ್ಣಪ್ಪ ಬಂದ. ಅದು ಅವನ ಹೆಸರಲ್ಲ. ನೆಲ ಪರೀಕ್ಷೆ ಮಾಡುವ ಎಂಜಿನಿಯರಾದ್ದರಿಂದ ಕಚೇರಿಯವರು ಇಟ್ಟ ಹೆಸರು, ಈಗ ಅವನ ಹೆಂಡತಿಯೂ ಹಾಗೇ ಕರೆಯುತ್ತಾಳೆ. ಮದುವೆಮನೆಗೆ ಹೋದರೂ ಊಟಕ್ಕಿಂತ ಮೊದಲು ಪಾಯ ನೋಡುವ ಆಸಾಮಿ. ಎಲ್ಲಿ ನೆಲ ಕೊರೆಯುವ ಯಂತ್ರ ನಿಲ್ಲಿಸಿದರೂ ಸುತ್ತ ಜನ ಸೇರುತ್ತಾರೆ, ನೀರು ಬಂತಾ ಎಂದು ಕೇಳುತ್ತಾರೆ, ಮಕ್ಕಳನ್ನು ಹೆಗಲ ಮೇಲೆ ಕೂರಿಸಿ ತೋರಿಸುತ್ತಾರೆ. ಇಲ್ಲಿ ಅಷ್ಟು ದೊಡ್ಡ ಯಂತ್ರ ಬಂದು ನಿಂತು ಗುಡುಗಿದರೂ ಒಂದು ನರಪಿಳ್ಳೆಯೂ ಬರಲಿಲ್ಲ. ಕಿಟಕಿಗಳಲ್ಲಿ ಮಾತ್ರ ಮುಖಗಳಿದ್ದವು.

ಅಂಚಿನಲ್ಲಿ ಕೊರೆದಾಗ ಗಟ್ಟಿ ಬಂಡೆ ಸಿಕ್ಕಿತು. ಒಣಗಿದ ಪಟ್ಟೆಯ ಮೇಲೆ ಕೊರೆದಾಗ ಕೊಳವೆಯ ಸದ್ದೇ ಬದಲಾಯಿತು, ಹಿಟ್ಟಿನೊಳಗೆ ಹೋದಂತೆ. ಮೇಲೆಳೆದ ಕೊಳವೆಯನ್ನು ಮುಟ್ಟಿದ ಕೆಲಸಗಾರ ಬೈದುಕೊಂಡು ಕೈ ಕೊಡವಿದ. ಒಳಗಿನಿಂದ ಬಿದ್ದದ್ದು ಮಣ್ಣಲ್ಲ. ಕರ್ರಗಿನ, ಒದ್ದೆಯಾದ ಮುದ್ದೆ. ಅದರಲ್ಲಿ ಪ್ಲಾಸ್ಟಿಕ್ ಚೂರು, ಬಟ್ಟೆಯ ಎಳೆ, ಕರಗಿ ಮುದುರಿದ ಒಂದು ಚಪ್ಪಲಿಯ ಅಟ್ಟೆ. ಗಾಳಿ ತಗಲಿದ್ದೇ ತಡ, ಮುದ್ದೆ ಹೊಗೆಯಾಡತೊಡಗಿತು. ಸಿಹಿಯೂ ಸುಟ್ಟದ್ದೂ ಸೇರಿದಂಥ ವಾಸನೆ ಮೂಗಿಗಿಂತ ಮೊದಲು ಗಂಟಲಿಗೆ ಹತ್ತಿತು.

"ನಿಲ್ಸು, ನಿಲ್ಸು!" ಎಂದು ಮಣ್ಣಪ್ಪ ಕೂಗಿದ. "ತೂತು ಮುಚ್ಚು ಮೊದಲು. ಅದಕ್ಕೆ ಗಾಳಿ ಕೊಡಬೇಡ."

"ಯಾವುದಕ್ಕೆ?" ಎಂದಳು ತಂಗಿ.

"ಬೆಂಕಿಗೆ. ಗಣಿಗೆ ಕಲ್ಲುಮಣ್ಣು ತುಂಬಿಲ್ಲ ಇವರು. ಊರ ಕಸ ಸುರಿದು ಮೇಲೊಂದಿಷ್ಟು ಮಣ್ಣು ಎಳೆದಿದ್ದಾರೆ. ಅದು ಒಳಗೊಳಗೇ ಹೊತ್ಕೊಂಡಿದೆ. ಉರಿಯಲ್ಲ, ಬೇಯತ್ತೆ. ಎಷ್ಟು ವರ್ಷದಿಂದಲೋ." ಅವನು ಒಣ ಹುಲ್ಲಿನ ಪಟ್ಟೆಯನ್ನು ಕಣ್ಣಲ್ಲೇ ಹಿಂಬಾಲಿಸಿ, ಅದು ಮುಟ್ಟಿದ ಮನೆಗಳನ್ನು ನೋಡಿದ. "ಆ ಕಡೆಗೆ ಹೋಗ್ತಾ ಇದೆ."

ತಂಗಿಯೂ ತಲೆಯೆತ್ತಿ ನೋಡಿದಳು. ಕಿಟಕಿಗಳಲ್ಲಿ ಒಂದಾದ ಮೇಲೊಂದು ಪರದೆ ಸರಿಯುತ್ತಿತ್ತು, ಬೀದಿಯ ಈ ತುದಿಯಿಂದ ಆ ತುದಿಯವರೆಗೆ.

ಅಷ್ಟರಲ್ಲಿ ಮೇಷ್ಟ್ರು ಫ್ಲಾಸ್ಕಿನಲ್ಲಿ ಚಹಾ ಹಿಡಿದು ಬಂದರು. ಹೊಗೆಯಾಡುವ ಮುದ್ದೆಯ ಪಕ್ಕದಲ್ಲೇ ನಿಂತು, ಅದರ ಕಡೆ ಕಣ್ಣು ಹಾಯಿಸದೆ, ಎಲ್ಲರಿಗೂ ಬಗ್ಗಿಸಿ ಕೊಟ್ಟರು. "ಇಲ್ಲಿ ಯಾಕೆ ಕೊರೆದ್ರಿ? ಆ ಕಡೆ ಬಂಡೆ ಚೆನ್ನಾಗಿದೆ," ಎಂದರು.

ತಂಗಿ ಚಹಾ ಮುಟ್ಟದೆ ನೇರ ಮನೆಗೆ ನಡೆದಳು. ಅಕ್ಕ ಬಟ್ಟೆ ಮಡಿಸುತ್ತಿದ್ದಳು. ತಂಗಿ ಅವಳನ್ನು ದಾಟಿ ಹೋಗಿ ಹಿಂದಿನ ರೂಮಿನ ಬಾಗಿಲನ್ನು ಭುಜದಿಂದ ನೂಕಿದಳು. ಬಾಗಿಲು ನೆಲಕ್ಕೆ ಉಜ್ಜಿ, ಕಿರುಗುಟ್ಟಿ, ಅರ್ಧ ತೆರೆಯಿತು. ಒಳಗೆ ಸಾಮಾನೇನೂ ಇರಲಿಲ್ಲ. ಖಾಲಿ ಕೋಣೆ. ನೆಲದ ಟೈಲ್ಸು ನಡುವೆ ಉಬ್ಬಿ ಎದ್ದಿದ್ದವು. ಗೋಡೆಯ ಬುಡದಲ್ಲಿ ಬಣ್ಣ ಬಿರಿದು ಕಂದು ಕಲೆ ಮೇಲಕ್ಕೆ ಹತ್ತಿತ್ತು. ತೆರೆದ ಕಿಟಕಿಗೆ ಮುಖ ಮಾಡಿ ಒಂದು ಟೇಬಲ್ ಫ್ಯಾನು ತಿರುಗುತ್ತಿತ್ತು. ಚಪ್ಪಲಿಯ ಅಡಿಯಿಂದಲೇ ಬಿಸಿ ತಾಗುತ್ತಿತ್ತು.

"ಬಾಗಿಲು ಹಾಕು. ವಾಸನೆ ಹಾಲಿಗೆ ಬರತ್ತೆ," ಎಂದಳು ಅಕ್ಕ ಹಿಂದಿನಿಂದ.

"ನಿನಗೆ ಗೊತ್ತಿತ್ತು."

"ಗೊತ್ತಿತ್ತು."

"ಪಕ್ಕದ ಮನೆಯವರಿಗೆ?"

"ಎಲ್ಲರಿಗೂ ಗೊತ್ತು. ಪಕ್ಕದ ಟೈಲರಮ್ಮ ಅಡುಗೆಮನೇಲಿ ಹಲಗೆ ಹಾಕ್ಸಿದ್ದಾಳೆ. ಮೇಷ್ಟ್ರು ಕೆಳಗಿನ ರೂಮು ಬಿಟ್ಟು ಮಹಡಿಗೆ ಹೋದ್ರು. ಯಾರೂ ಯಾರಿಗೂ ಹೇಳಲ್ಲ. ಒಬ್ಬರು ಬಾಯಿ ಬಿಟ್ರೆ ಮುಗೀತು, ಎಲ್ಲರ ಮನೇನೂ ಮಣ್ಣುಪಾಲು. ಇಡೀ ಜೀವನ ದುಡಿದು ಕೊಂಡಿದ್ದು ಕಣೇ ಇದು. ಯಾರಿಗೆ ಮಾರೋಣ?"

"ಅದಕ್ಕೂ ಸೆಂಟರ್‌ಗೂ ಏನು ಸಂಬಂಧ?"

ಅಕ್ಕ ಕೈಲಿದ್ದ ಟವಲನ್ನು ಮತ್ತೊಮ್ಮೆ ಬಿಡಿಸಿ ಮತ್ತೊಮ್ಮೆ ಮಡಿಸಿದಳು. "ನಗರಸಭೆಯೋರೇ ಅಲ್ಲಿ ಆಸ್ಪತ್ರೆ ಕಟ್ಟಿದ್ರೆ ನೆಲ ಸರಿಯಾಗಿದೆ ಅಂತಾನೇ ತಾನೇ ಅರ್ಥ? ಆಮೇಲೆ ಯಾರು ಕೇಳ್ತಾರೆ? ಮನೆ ಮಾರಿ ಎಲ್ಲಾದ್ರೂ ಹೋಗ್ತೀವಿ."

"ಕೊಂಡೋರು?"

ಅಕ್ಕ ಟವಲನ್ನು ರಾಶಿಗೆ ಹಾಕಿ ಇನ್ನೊಂದು ಬಟ್ಟೆ ಎತ್ತಿಕೊಂಡಳು.

"ಅಕ್ಕಾ, ಅದನ್ನ ಕೊಂಡು ಒಳಗೆ ಬಂದು ಮಲಗೋರು?"

"ನನಗೆ ಮಗಳಿದ್ದಾಳೆ!" ಎಂದು ಅಕ್ಕ ಕಿರುಚಿದಳು. ಆಮೇಲೆ ದನಿ ತಗ್ಗಿಸಿ, ಬೇಡುವಂತೆ, "ಬೇರೆ ಯಾರಾದ್ರೂ ಬಂದಿದ್ರೆ ಮೊದಲ ದಿನವೇ ಹೇಳ್ಬಿಡ್ತಿದ್ರು. ನೀನು ನಮ್ಮೋಳು ಅಂತ ನಿನ್ನ ಕರೆಸಿದ್ದು," ಎಂದಳು.

ಕೆಲಸ ಚೆನ್ನಾಗಿ ಮಾಡುತ್ತಾಳೆಂದು ಕರೆಸಿದ್ದಲ್ಲ. ಬಾಯಿ ಮುಚ್ಚಿಕೊಂಡಿರುತ್ತಾಳೆಂದು ಕರೆಸಿದ್ದು.

ಆದರೂ ಅವಳು ಅಂದೇ ಎದ್ದು ಹೋಗಲಿಲ್ಲ. ಸಂಜೆ ಮೇಷ್ಟ್ರು ಬಂದು ಒಂದು ದಾರಿ ತೋರಿಸಿದರು. ಕಟ್ಟಡವನ್ನು ಮೈದಾನದ ನಡುವಿನಿಂದ ತೆಗೆದು ಅಂಚಿನ ಬಂಡೆಯ ಮೇಲೆ ಕೂರಿಸಿ, ಉಳಿದ ಮೈದಾನಕ್ಕೆಲ್ಲ ಕಾಂಕ್ರೀಟು ಹಾಸಿ ಗಾಡಿ ನಿಲ್ಲಿಸುವ ಜಾಗ ಮಾಡಿ. ಕಟ್ಟಡಕ್ಕೆ ಅಪಾಯವಿಲ್ಲ, ವಾಸನೆ ಮೇಲೆ ಬರುವುದಿಲ್ಲ. "ಯಾರಿಗೂ ಸುಳ್ಳು ಹೇಳಿದ ಹಾಗಾಗಲ್ಲ," ಎಂದರು. ಅಕ್ಕ ಬಾಗಿಲ ಮರೆಯಲ್ಲಿ ನಿಂತಿದ್ದಳು. ಅವಳ ಮುಖ ನೋಡಿ ತಂಗಿ ಹೂಂ ಎಂದಳು. ಗ್ರಂಥಾಲಯವನ್ನು ತಿರುಗಿಸಿ, ಅಂಗಡಿಗಳನ್ನು ಒಂದೇ ಸಾಲಿಗೆ ತಂದು, ಹೊಸ ನಕ್ಷೆ ಬರೆದಳು. ನಕ್ಷೆ ಚೆನ್ನಾಗಿಯೇ ಬಂತು. ಅದು ಅವಳಿಗೆ ಇನ್ನಷ್ಟು ಹೇಸಿಗೆ ತಂದಿತು.

ಮಣ್ಣಪ್ಪ ಅದನ್ನು ನೋಡಿದ. ಆಮೇಲೆ ಮೇಜಿನ ಮೇಲಿದ್ದ ಚಹಾದ ಲೋಟಕ್ಕೆ ತಟ್ಟೆ ಬೋರಲು ಹಾಕಿದ. ತಟ್ಟೆಯ ಸುತ್ತ ಅಂಚಿನಿಂದ ಸಣ್ಣಗೆ ಹಬೆ ಸೋರಿತು.

"ಈಗ ಆ ಗ್ಯಾಸು ಮೈದಾನದಿಂದ ಮೇಲಕ್ಕೆ ಹೋಗ್ತಿದೆ. ಅದಕ್ಕೇ ಇವರೆಲ್ಲ ಇನ್ನೂ ಬದುಕಿರೋದು. ಮೇಲೆ ಮುಚ್ಚಿದ್ರೆ ಎಲ್ಲಿಗೆ ಹೋಗತ್ತೆ? ಪಕ್ಕಕ್ಕೆ. ಮನೆಗಳ ನೆಲದಿಂದ ಏಳತ್ತೆ. ಅದಕ್ಕೆ ಬಣ್ಣ ಇಲ್ಲ, ಎಷ್ಟೋ ಸಲ ವಾಸನೇನೂ ಇರಲ್ಲ. ಮಲಗಿದೋರು ಮಲಗಿದ ಹಾಗೇ ಇರ್ತಾರೆ."

"ಹಾಗಾದ್ರೆ ಏನು ಮಾಡ್ಬೇಕು?"

"ಕಸ ತೋಡಿ ತೆಗೀಬೇಕು. ಇಲ್ಲಾ ಜನ ಎದ್ದು ಹೋಗ್ಬೇಕು. ಮೂರನೇದು ನನಗೆ ಗೊತ್ತಿಲ್ಲ."

ಕೊನೆಯ ಸಭೆಗೆ ಹಾಲ್ ತುಂಬಿತ್ತು. ಹೊಸ ಮಾದರಿಯನ್ನು ಮೇಜಿನ ಮೇಲೆ ಇಟ್ಟು ತಂಗಿ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಮೈದಾನದ ಕೆಳಗೆ ಬೆಂಕಿ ಇದೆ ಎಂದಳು. ಅದು ಯಾವ ಕಡೆಗೆ ಬರುತ್ತಿದೆ ಎಂದಳು. ಕಾಂಕ್ರೀಟ್ ಹಾಕಿದರೆ ವಿಷಗಾಳಿ ಮನೆಗಳೊಳಗೆ ಬರುತ್ತದೆ, ಇಲ್ಲಿ ಏನನ್ನೂ ಕಟ್ಟಬಾರದು, ಎಲ್ಲರೂ ಒಟ್ಟಾಗಿ ನಗರಸಭೆಗೆ ಹೋಗಿ ಕೇಳೋಣ ಎಂದಳು. ಜನ ಬೈಯುತ್ತಾರೆ, ಅಳುತ್ತಾರೆ, ಕುರ್ಚಿ ಎಸೆಯುತ್ತಾರೆ ಎಂದುಕೊಂಡಿದ್ದಳು. ಎಲ್ಲದಕ್ಕೂ ಸಿದ್ಧಳಾಗಿ ಬಂದಿದ್ದಳು.

ಮುಂದಿನ ಸಾಲಿನಲ್ಲಿದ್ದ ಒಬ್ಬ ಮುದುಕರು ಕೈಯೆತ್ತಿದರು. "ಗ್ರಂಥಾಲಯ ಭಾನುವಾರ ತೆಗೆದಿರತ್ತಾ?"

ಅವರಿಗೆ ಕಿವಿ ಮಂದವಿರಬೇಕೆಂದು ತಂಗಿ ಇನ್ನೊಮ್ಮೆ, ಜೋರಾಗಿ, ಮೊದಲಿನಿಂದ ಹೇಳಿದಳು. ಮುದುಕರು ಮರ್ಯಾದೆಯಿಂದ ತಲೆದೂಗಿದರು. ಅವರ ಹಿಂದಿನಿಂದ ಟೈಲರಮ್ಮ ಎದ್ದಳು. "ಅಂಗಡಿ ಮುಂದೆ ಮಳೆ ಬಂದ್ರೆ ನಿಲ್ಲಕ್ಕೆ ಏನು ಮಾಡಿದ್ದೀರಿ?"

"ಒಳ್ಳೆ ಪ್ರಶ್ನೆ," ಎಂದರು ಮೇಷ್ಟ್ರು. "ಅದನ್ನ ಬರ್ಕೊಳ್ಳಿ."

"ನಾನು ಹೇಳಿದ್ದು ಯಾರಿಗೂ ಕೇಳಿಸ್ಲಿಲ್ವಾ?" ಎಂದಳು ತಂಗಿ. ಯಾರೂ ಕಣ್ಣು ತಪ್ಪಿಸಲಿಲ್ಲ. ಅವಳನ್ನೇ ನೋಡುತ್ತಿದ್ದರು, ಮದುವೆಯಲ್ಲಿ ತಪ್ಪು ಮಾತಾಡಿದ ನೆಂಟರನ್ನು ನೋಡುವ ಹಾಗೆ, ಅವಳಾಗಿಯೇ ಸುಮ್ಮನಾಗಲೆಂದು ಕಾಯುತ್ತ.

ಆಗ ಭಾವ ಎದ್ದು ನಿಂತ. ಅವನು ಎದ್ದದ್ದು ನೋಡಿ ಇಬ್ಬರು ಮೂವರು ಅಭ್ಯಾಸಬಲದಿಂದ ನಗಲು ಬಾಯಿ ಅಗಲಿಸಿದರು. ಅಕ್ಕ ಅವನ ಅಂಗಿಯ ಚುಂಗು ಹಿಡಿದು ಎಳೆದಳು. ಅವನು ಕೂರಲಿಲ್ಲ.

"ನಮ್ಮನೆ ಹಿಂದಿನ ರೂಮಿನ ನೆಲದ ಮೇಲೆ ಅಂಗೈ ಇಡಕ್ಕಾಗಲ್ಲ," ಎಂದ. "ನನ್ನ ಮಗಳ ರೂಮು ಅದು. ಒಂದಿನ ಬೆಳಿಗ್ಗೆ ಎಷ್ಟು ಕೂಗಿದ್ರೂ ಏಳಲಿಲ್ಲ. ಎತ್ಕೊಂಡು ಹೊರಗೆ ತಂದು ಗಾಳಿಗೆ ಹಿಡಿದ ಮೇಲೆ ಕಣ್ಣು ಬಿಟ್ಟಳು. ನಾನು ಯಾರಿಗೂ ಹೇಳಲಿಲ್ಲ. ಈಗ ಹೇಳ್ತಿದ್ದೀನಿ. ಟೈಲರಮ್ಮ, ನಿಮ್ಮನೇದು ಹೇಗಿದೆ? ಮೇಷ್ಟ್ರೇ, ನೀವ್ಯಾಕೆ ಮೇಲೆ ಹೋದ್ರಿ?"

ಭಾವ ಒಬ್ಬೊಬ್ಬರ ಮುಖವನ್ನೇ ನೋಡಿದ. ಅವರೆಲ್ಲ ರಟ್ಟಿನ ಮಾದರಿಯನ್ನು ನೋಡುತ್ತಿದ್ದರು.

"ನಕ್ಷೆ ಒಪ್ಪಿಗೆ ಇರೋರು ಕೈ ಎತ್ತಿ," ಎಂದರು ಮೇಷ್ಟ್ರು.

ಕೈಗಳು ಎದ್ದವು. ಭಾವ ಇನ್ನೂ ನಿಂತೇ ಇದ್ದ. ಅವನ ಪಕ್ಕದಲ್ಲಿ, ತಲೆ ತಗ್ಗಿಸಿಕೊಂಡು, ಅಕ್ಕನೂ ಕೈ ಎತ್ತಿದಳು.

ಮಾರನೆಯ ದಿನವೇ ಭಾವ ಮನೆಗೆ ಬೀಗ ಹಾಕಿ, ಮಗಳನ್ನೂ ಎರಡು ಸೂಟ್‌ಕೇಸನ್ನೂ ಕಟ್ಟಿಕೊಂಡು ತಂಗಿಯ ಮನೆಗೆ ಬಂದ. ಅಕ್ಕ ಹಿಂದಿನಿಂದ ಬಂದಳು. ಅದು ಎರಡೇ ಕೋಣೆಯ ಮನೆ. ಅಕ್ಕ ಅಡುಗೆ ಮಾಡುತ್ತಿದ್ದಳು, ತಂಗಿಯ ಬಟ್ಟೆಯನ್ನೂ ಒಗೆದು ಇಸ್ತ್ರಿ ಮಾಡಿಡುತ್ತಿದ್ದಳು, ತಂಗಿಯೊಡನೆ ಮಾತ್ರ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಏನಾದರೂ ಬೇಕಿದ್ದರೆ ಮಗಳ ಮೂಲಕ ಕೇಳಿಸುತ್ತಿದ್ದಳು. "ಚಿಕ್ಕಮ್ಮ, ಉಪ್ಪು ಎಲ್ಲಿದೆ ಅಂತ ಅಮ್ಮ ಕೇಳ್ತಿದ್ದಾರೆ," ಎಂದು ಹುಡುಗಿ ಇಬ್ಬರ ನಡುವೆಯೇ ನಿಂತು ಹೇಳುತ್ತಿದ್ದಳು.

ತಂಗಿ ಸೆಂಟರಿನ ಕೆಲಸ ಬಿಟ್ಟಳು. ಅವಳೂ ಮಣ್ಣಪ್ಪನೂ ನಗರಸಭೆಗೆ ಹೋಗಿ ಗಂಟೆಗಟ್ಟಲೆ ಕಾದು, ದೊಡ್ಡ ಎಂಜಿನಿಯರ ಮುಂದೆ ಎಲ್ಲವನ್ನೂ ಒದರಿದರು. ಆತ ಸಾವಧಾನವಾಗಿ ಕೇಳಿದ. ಪರಿಶೀಲಿಸುತ್ತೇವೆ ಎಂದ. ಪರಿಶೀಲಿಸಿದರು ಕೂಡ. ಬೇರೆ ಕಂಪನಿಯವರು ಬಂದು, ಮೇಷ್ಟ್ರು ತೋರಿಸಿದ ಕಡೆ ಕೊರೆದು, ಗಟ್ಟಿ ಬಂಡೆ ಇದೆ ಎಂದು ಹೇಳಿಹೋದರು. ತಂಗಿ ಬರೆದಿಟ್ಟು ಬಂದ ನಕ್ಷೆಯನ್ನೇ ಬೇರೊಬ್ಬನ ಸಹಿಯಲ್ಲಿ ಕಟ್ಟಿದರು. ಮೈದಾನಕ್ಕೆ ಬೇಲಿಯಿಂದ ಬೇಲಿಗೆ ಕಾಂಕ್ರೀಟು ಸುರಿದರು.

ಸೆಂಟರ್ ತೆರೆದು ಸ್ವಲ್ಪ ದಿನಕ್ಕೆ ಅಕ್ಕನ ಫೋನು ರಿಂಗಾಗತೊಡಗಿತು. ಬೀಗ ಹಾಕಿದ ಮನೆಯನ್ನು ಕೊಳ್ಳುವವರು ಬಂದಿದ್ದರು. ಗಂಡ, ಹೆಂಡತಿ, ಗಂಡನ ತಾಯಿ. ಎದುರಿಗೇ ಆಸ್ಪತ್ರೆ ಇರುವ ಮನೆ ಹುಡುಕುತ್ತಿದ್ದರಂತೆ, ಅಮ್ಮನಿಗೆ ಮಂಡಿನೋವು. ಭಾವ ಬರುವುದಿಲ್ಲ ಎಂದ. ಅಕ್ಕ ಒಬ್ಬಳೇ ಹೊರಟಾಗ ತಂಗಿ ಕೇಳದೆಯೇ ಜೊತೆಗೆ ಹೊರಟಳು. ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕೂತರು.

ಸೆಂಟರ್ ಚೆಂದವಿತ್ತು. ಗ್ರಂಥಾಲಯದ ಗಾಜಿನ ಮೇಲೆ ಬೆಳಕು ಬಿದ್ದು ಬೀದಿಯೆಲ್ಲ ಹೊಸದಾಗಿ ಕಾಣುತ್ತಿತ್ತು. ಆಸ್ಪತ್ರೆಯ ಮುಂದೆ ಸಾಲು ಇತ್ತು. ಬಡಾವಣೆಯ ಆಚೆ ತುದಿಯವರೂ, ಹಿಂದೆಂದೂ ಏನೂ ಆಗದಿದ್ದವರೂ, ಹಣೆ ಹಿಡಿದುಕೊಂಡು ಬೆಂಚುಗಳ ಮೇಲೆ ಕೂತಿದ್ದರು. ಬಾಗಿಲಲ್ಲಿ ನಿಂತಿದ್ದ ಡಾಕ್ಟರೇ ಎರಡು ಬೆರಳಿನಿಂದ ಕಣ್ಣುಗಳ ನಡುವೆ ಒತ್ತಿಕೊಳ್ಳುತ್ತಿದ್ದ.

ಕೊಳ್ಳುವವರು ಮನೆಯೊಳಗೆ ಬಂದರು. ಹೆಂಡತಿ ಕಿಟಕಿಗಳನ್ನು ನೋಡಿ ಹಿಗ್ಗಿದಳು, ಗಂಡ ಗೋಡೆ ತಟ್ಟಿ ನೋಡಿದ. ತಾಯಿ, ಬೆಳ್ಳಗಿನ ತಲೆಯ ದಪ್ಪ ಹೆಂಗಸು, ನಡೆದು ದಣಿದು ಅಡುಗೆಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟಳು. ಹಾಸಿದ್ದ ಚಾಪೆಗಳನ್ನು ಅಕ್ಕ ಹಿಂದೆಯೇ ತೆಗೆದೊಯ್ದಿದ್ದಳು. ಮುದುಕಿ ಬರಿಗಾಲನ್ನು ನೆಲದ ಮೇಲಿಟ್ಟು ಕಣ್ಣು ಮುಚ್ಚಿದಳು.

"ಅಯ್ಯೋ, ನೆಲ ಎಷ್ಟು ಬೆಚ್ಚಗಿದೆಯಮ್ಮ. ನನ್ನ ಕಾಲಿಗೆ ಜೀವ ಬಂತು. ಇಲ್ಲೇ ಹಾಸಿಗೆ ಹಾಕ್ಕೊಂಡು ಬಿದ್ಕೊಂಡಿರ್ತೀನಿ."

ತಂಗಿ ಅಕ್ಕನನ್ನು ನೋಡಿದಳು. ಅಕ್ಕ ಬಗ್ಗಿ, ಮುದುಕಿಯ ಚಪ್ಪಲಿಗಳನ್ನು ಎತ್ತಿ, ಅವಳ ಕಾಲಿನ ಮುಂದೆ ಇಟ್ಟಳು. "ಹಾಕ್ಕೊಳ್ಳಿ ಅಮ್ಮ. ಈ ಮನೆ ಮಾರಲ್ಲ ನಾನು."

"ಇದೇನಮ್ಮ, ಫೋನಲ್ಲಿ ಮಾರ್ತೀನಿ ಅಂದ್ರಲ್ಲ?" ಎಂದ ಮಗ.

ಅಕ್ಕ ಹೇಳಿದಳು. ಸರಿಯಾಗಿ ಹೇಳಲು ಬರಲಿಲ್ಲ. ಕಸ ಎಂದಳು, ಗಾಳಿ ಎಂದಳು, ಮಗಳು ಏಳಲಿಲ್ಲ ಎಂದಳು, ಮಾತುಗಳು ಒಂದಕ್ಕೊಂದು ಸಿಕ್ಕಿಕೊಂಡವು. ತಂಗಿ ಬಾಯಿ ಹಾಕಿ ಬಿಡಿಸಿ ಹೇಳಿದಳು. ಮಗ ತಾಳ್ಮೆಯಿಂದ ಕೇಳಿ, ಕಿಟಕಿಯ ಆಚೆ ಕೈ ತೋರಿಸಿದ. "ಅಲ್ಲಮ್ಮ, ಅಂಥದ್ದೇನಾದ್ರೂ ಇದ್ದಿದ್ರೆ ಅಲ್ಲಿ ಆಸ್ಪತ್ರೆ ಕಟ್ತಿದ್ರಾ? ಜಾಸ್ತಿ ಕೊಡೋರು ಬೇರೆ ಯಾರೋ ಸಿಕ್ಕಿರ್ಬೇಕು ನಿಮಗೆ. ಹಾಗಂತ ನೇರವಾಗಿ ಹೇಳಿ."

ಅವನು ತೋರಿಸಿದ್ದು ತಂಗಿಯೇ ಎಳೆದ ಗೆರೆಗಳ ಮೇಲೆ ಎದ್ದು ನಿಂತ ಕಟ್ಟಡವನ್ನು. ಮೂವರೂ ಹೊರಗೆ ಹೋದರು. ಗೇಟು ದಾಟುವ ಮೊದಲೇ ಪಕ್ಕದ ಮನೆಯ ಜಗಲಿಯಿಂದ ಟೈಲರಮ್ಮ ಕೂಗಿದಳು. "ಮನೆ ನೋಡಕ್ಕೆ ಬಂದ್ರಾ? ನಮ್ಮದೂ ಕೊಡೋದಿದೆ. ಬನ್ನಿ, ಬನ್ನಿ, ಬಿಸಿಲಲ್ಲಿ ಯಾಕೆ ನಿಂತ್ರಿ."

ಅಕ್ಕ ಓಡಿಹೋಗಿ ಮುದುಕಿಯ ಕೈ ಹಿಡಿದಳು. ಮುದುಕಿ ಒಂದು ಗಳಿಗೆ ನಿಂತಳು. ಅಕ್ಕನ ಮುಖವನ್ನು ಚೆನ್ನಾಗಿ ನೋಡಿದಳು. ನಂಬಿದಳೋ ಏನೋ, ಮಗನನ್ನು ಕರೆಯಲು ಬಾಯಿ ತೆರೆದಳು. ಅಷ್ಟರಲ್ಲಿ ಮಗ ಹಿಂದಿರುಗಿ ಬಂದು, ತಾಯಿಯ ತೋಳು ಹಿಡಿದು ಟೈಲರಮ್ಮನ ಮನೆಯ ಮೆಟ್ಟಿಲು ಹತ್ತಿಸಿದ. ಬಾಗಿಲು ಸುಲಭಕ್ಕೆ ಹಾಕಿಕೊಳ್ಳಲಿಲ್ಲ. ಒಳಗಿನಿಂದ ಯಾರೋ ಎರಡು ಸಲ ಒದ್ದು ಮುಚ್ಚಿದರು.

ಕೊನೆಗೆ ಟೈಲರಮ್ಮನ ಮನೆಯನ್ನು ಅವರೇ ಕೊಂಡರು.

ಮನೆ ತೋರಿಸಿದ ದಿನ ವಾಪಸು ಬರುವಾಗ ಅಕ್ಕ ಬಸ್ಸಿನಲ್ಲಿ ತಂಗಿಯ ಪಕ್ಕದ ಸೀಟಿಗೆ ಬಂದು ಕೂತಳು. "ನಾಳೆ ಅವರು ಈಗಿರೋ ಮನೆ ಎಲ್ಲಿದೆ ಅಂತ ಹುಡುಕ್ಬೇಕು," ಎಂದಳು. "ಆ ಅಮ್ಮನ ಹತ್ರ ಇನ್ನೊಂದ್ಸಲ ಮಾತಾಡ್ಬೇಕು." ಎಷ್ಟೋ ತಿಂಗಳ ಮೇಲೆ ಅವಳು ತಂಗಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

ಅವರು ಹುಡುಕಿದರು, ಮಾತಾಡಿದರು, ಬೈಸಿಕೊಂಡು ಬಂದರು. ಈಗ ಮನೆ ನೋಡುವವರು ಬರುವ ರಜಾದಿನಗಳಲ್ಲಿ ಅಕ್ಕ ತಂಗಿಯರಿಬ್ಬರೂ ಬಡಾವಣೆಯ ಬಸ್ ನಿಲ್ದಾಣದಲ್ಲಿ ನಿಲ್ಲುತ್ತಾರೆ. ಇಳಿದವರನ್ನು ತಡೆದು ಹೇಳುತ್ತಾರೆ. ಅಕ್ಕನಿಗೆ ಈಗ ತಡವರಿಸದೆ ಹೇಳಲು ಬರುತ್ತದೆ. ಕೆಲವರು ಕೇಳಿ ಅದೇ ಬಸ್ಸು ಹತ್ತಿ ಹಿಂದಿರುಗುತ್ತಾರೆ. ಹೆಚ್ಚಿನವರು ಎದುರಿಗೆ ಹೊಳೆಯುವ ಗಾಜನ್ನು ಒಮ್ಮೆ ನೋಡಿ, ಇವರನ್ನು ಒಮ್ಮೆ ನೋಡಿ, ಮುಂದೆ ನಡೆಯುತ್ತಾರೆ. ಬೀದಿಯಲ್ಲಿ ಹಳೆಯ ಮುಖಗಳು ಕಡಿಮೆಯಾಗುತ್ತಿವೆ. ಮೇಷ್ಟ್ರೂ ಮನೆ ಮಾರಿ ಹೋಗಿಯಾಯಿತು. ಮಾರಿ ಹೋದವರ ಮನೆಗಳಲ್ಲಿ ಹೊಸ ಸಂಸಾರಗಳು ಬಂದಿವೆ. ಚಳಿ ಶುರುವಾಗಿರುವುದರಿಂದ ಅವರೆಲ್ಲ ಕಿಟಕಿಗಳನ್ನು ಭದ್ರವಾಗಿ ಮುಚ್ಚಿಕೊಂಡಿದ್ದಾರೆ.